ಇಲ್ಲದ ಕಾರ್ಡಿನಿಂದ ಬಂದ ಉತ್ತರ

ದೆವ್ವ, ಗಾಳಿ, ಮಾಟ ಎಂದವರ ಮುಖಕ್ಕೇ ನಕ್ಕುಬಿಡುವ ಜಾತಿ ನನ್ನದು. ಕಂಪ್ಯೂಟರಂತೂ ಸುಳ್ಳು ಹೇಳುವುದಿಲ್ಲ, ಹೇಳಿಸಿದವನೇ ಸುಳ್ಳುಗಾರ ಎಂದು ಕಂಡಕಂಡವರೊಡನೆ ವಾದಿಸುತ್ತಿದ್ದೆ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರನೆಯ ಇಸವಿಯ ಈಚಿನ ಮಾತು. ವಾಡಿ ಸ್ಟೇಷನ್ನಿನ ಹತ್ತಿರ ಮಹಡಿಯ ಮೇಲೊಂದು ಸಣ್ಣ ಕಚೇರಿಯಲ್ಲಿ, ಹೈದರಾಬಾದಿನ ಕಂಪನಿಯೊಂದಕ್ಕೆ ಕೆಲಸ ಮಾಡಿಕೊಡುತ್ತಿದ್ದೆವು. ಒಂದೇ ಕಂಪ್ಯೂಟರಿನ ಹೊಟ್ಟೆಯಲ್ಲಿ ಸಾಫ್ಟ್‌ವೇರಿನಿಂದಲೇ ಎರಡು ಕಂಪ್ಯೂಟರ್ ಮಾಡುವುದು, ಅವು ಮಾತಾಡಿಕೊಳ್ಳಲು ಕೈಗೆ ಸಿಗದ ನೆಟ್‌ವರ್ಕ್ ಕಾರ್ಡು ಕೂಡಿಸುವುದು. ಆ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮು ಸರಿಯಿದೆಯೇ ಎಂದು ತಾನಾಗಿಯೇ ನೋಡುವ ಪರೀಕ್ಷೆಗಳನ್ನು ಬರೆಯುವುದು ನಮ್ಮ ಪಾಲಿನ ಕೆಲಸ. ಒಳಗಿನ ಒಂದು ಕಂಪ್ಯೂಟರಿಗೆ ಸೇಡಂ, ಇನ್ನೊಂದಕ್ಕೆ ಚಿತ್ತಾಪುರ ಎಂದು ಹೆಸರಿಟ್ಟಿದ್ದೆವು. ಸೇಡಂ ಕೂಗಬೇಕು, ಚಿತ್ತಾಪುರ ಓಗೊಡಬೇಕು. ಓಗೊಟ್ಟರೆ ಪಾಸು.

ನಮ್ಮಲ್ಲೊಂದು ಪದ್ಧತಿಯಿತ್ತು. ಹೊಸ ಪರೀಕ್ಷೆಯನ್ನು ಒಪ್ಪುವ ಮೊದಲು ಬೇಕೆಂದೇ, ಸಾಫ್ಟ್‌ವೇರಿನಲ್ಲೇ, ಚಿತ್ತಾಪುರದ ಕಾರ್ಡು ಕಿತ್ತು ಓಡಿಸುವುದು. ಆಗ ಅದು ಫೇಲ್ ಎನ್ನಲೇಬೇಕು. ಅನ್ನದಿದ್ದರೆ ಬರೆದವನು ಕಳ್ಳ, ಇಲ್ಲವೇ ದಡ್ಡ.

ಆ ಸಲ ಬರೆದವನು ಆಡಕಿಯ ಶರಣಪ್ಪ, ನನ್ನ ಜೊತೆಗಾರ, ಇರುವೆಗೂ ದಾರಿ ಬಿಡುವಂಥ ಮನುಷ್ಯ. ಪರೀಕ್ಷೆ ಒಪ್ಪಿಗೆಯಾದರೆ ಅವನ ನೌಕರಿ ಪಕ್ಕಾ. ನೌಕರಿ ಪಕ್ಕಾ ಆದರೆ ಕಾಳಗಿಯಲ್ಲಿ ನೋಡಿ ಬಂದ ಹುಡುಗಿಯೊಂದಿಗೆ ಮದುವೆ. ಹೆಣ್ಣಿನ ತಂದೆ ಹಾಗೆಯೇ ಹೇಳಿ ಕಳಿಸಿದ್ದರು.

ಒಂದು ಮಧ್ಯಾಹ್ನ ಯಜಮಾನರಾದ ವೆಂಕಟರಾಯರು ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ತಾವೇ ಕಾರ್ಡು ಕಿತ್ತು ಓಡಿಸಿದರು. ಹಸಿರು ಅಕ್ಷರದಲ್ಲಿ ಪಾಸು ಎಂದು ಬಂತು. ಚಿತ್ತಾಪುರವನ್ನೇ ಬಂದ್ ಮಾಡಿದರು. ಮತ್ತೂ ಪಾಸು.

"ಏನಪಾ ಶರಣಪ್ಪಾ, ನನ್ನ ಕಿವ್ಯಾಗ ಹೂವ ಇಡ್ಲಿಕತ್ತೀಯೇನು? ನಿನ್ನ ಪರೀಕ್ಷಾ ಹೆಣಾನೂ ಪಾಸ್ ಮಾಡ್ತದ!" ಎಂದರು. ಸುತ್ತ ನಿಂತವರು ನಕ್ಕರು.

"ನಾ ಏನೂ ಮಾಡಿಲ್ರಿ ಸರ, ಖರೇನ ಉತ್ತರ ಬರ್ಲಿಕತ್ತದ" ಎಂದ ಶರಣಪ್ಪ.

ನಾನು ಅವನ ಪರೀಕ್ಷೆಯನ್ನು ಬದಿಗಿಟ್ಟು, ಚಿತ್ತಾಪುರ ಬಂದಾಗಿದ್ದಂತೆಯೇ, ಸೇಡಂನಿಂದ ಕೈಯಾರೆ ಟೈಪು ಮಾಡಿ ಕೂಗಿದೆ. ಹೊರಗಿನ ನೆಟ್‌ವರ್ಕಿನ ಒಂದು ತಂತಿಯೂ ಆ ಯಂತ್ರಕ್ಕಿರಲಿಲ್ಲ. ಆದರೂ ಚಿತ್ತಾಪುರದ ವಿಳಾಸದಿಂದಲೇ ಉತ್ತರ ಬಂತು, ಒಂದಾದ ಮೇಲೊಂದು. ಪರದೆ ತೋರಿಸಿ, ಶರಣಪ್ಪನದು ತಪ್ಪಿಲ್ಲ ಎಂದು ಕೂಗಾಡಿದೆ. ರಾಯರು ಅತ್ತ ತಿರುಗಲೂ ಇಲ್ಲ.

"ಒಳಗ ಏನೋ ಕೂಡ್ಸ್ಯಾನ. ನೀವು ಅಂವನ ವಕಾಲತ್ ಮಾಡಬ್ಯಾಡ್ರಿ" ಎಂದು, ಅವನ ಕುರ್ಚಿಯನ್ನು ಕಾಲಿನಿಂದ ಸರಿಸಿ ಬಾಗಿಲು ತೋರಿಸಿದರು. ಶರಣಪ್ಪ ಬಿಚ್ಚದ ಬುತ್ತಿಯನ್ನು ಹಾಗೇ ಎತ್ತಿಕೊಂಡು ಮೆಟ್ಟಿಲಿಳಿದ.

ಅವನು ಇಳಿದ ಮೇಲೆ, ಚಿತ್ತಾಪುರ ಇನ್ನೂ ಬಂದಾಗಿದ್ದಂತೆಯೇ, ನಾನು ಮತ್ತೆ ಓಡಿಸಿದೆ. ಒಂದಕ್ಷರವೂ ಬದಲಾಗದ ಅದೇ ಪರೀಕ್ಷೆ. ಈಗ ಕೆಂಪಗೆ ಬಂತು, ಫೇಲ್. ಕೈಯಾರೆ ಕೂಗಿದೆ, ಉತ್ತರವಿಲ್ಲ. ಅಂದರೆ ಅವನು ಬರೆದದ್ದು ಸರಿಯಾಗಿಯೇ ಇತ್ತು! ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರಾಯರು ತೊಡೆ ತಟ್ಟಿಕೊಂಡು ನಕ್ಕರು.

"ನೋಡ್ರಿ, ಕಳ್ಳ ಹೊರಗ ಬಿದ್ದ ಕೂಡ್ಲೇ ಮಷಿನ್ ಖರೆ ಮಾತಾಡ್ಲಿಕತ್ತು!"

ಆಮೇಲೆ ಎಷ್ಟು ಸಲ ಓಡಿಸಿದರೂ ಆ ಉತ್ತರ ಬರಲಿಲ್ಲ. ಹಾಳಾದ್ದು, ಬರಬಾರದ ಹೊತ್ತಿಗೆ ಬಂದು ಒಬ್ಬನ ಅನ್ನ ಕಸಿದುಕೊಂಡು ಹೋಯಿತು. ಡ್ರೈವರನ್ನು ಸಾಲುಸಾಲಾಗಿ ಓದಿದೆ. ಎರಡೂ ಕಂಪ್ಯೂಟರುಗಳನ್ನು ಅಳಿಸಿ ಹೊಸದಾಗಿ ಮಾಡಿದೆ. ಏನೂ ಸಿಗಲಿಲ್ಲ.

ಕೆಲವು ದಿನಗಳ ಮೇಲೆ ಹುಡುಗಿಯ ತಂದೆ ವಿಚಾರಿಸಲು ಕಚೇರಿಗೆ ಬಂದರು. ರಾಯರು ನಮ್ಮೆಲ್ಲರ ಎದುರಿಗೇ ಆ ದಿನದ ಕಥೆ ಹೇಳಿ ನಗಿಸಿದರು. ನಾನು ಆ ಹಿರಿಯರ ಹಿಂದೆಯೇ ಬಸ್‌ಸ್ಟ್ಯಾಂಡಿನ ತನಕ ಓಡಿದೆ.

"ಹುಡುಗ ಬಂಗಾರದಂಥಾಂವ ಅದಾನ್ರಿ. ಅಂವ ಏನೂ ಮೋಸ ಮಾಡಿಲ್ಲ. ನಾ ಕಣ್ಣಾರೆ ನೋಡೀನಿ" ಎಂದು ಅಂಗಲಾಚಿದೆ.

ಅವರು ನಿಂತು ನನ್ನ ಮುಖವನ್ನೇ ನೋಡಿದರು.

"ಹಂಗಂದ್ರ ಉತ್ತರ ಕೊಟ್ಟಾಂವ ಯಾರ್ರಿ?"

ಅದನ್ನೇ ನಾನು ಇಂದಿಗೂ ಹುಡುಕುತ್ತಿದ್ದೇನೆ. ಅವರು ಬಸ್ಸು ಹತ್ತಿದರು. ಹುಡುಗಿಯನ್ನು ಬೇರೆ ಕಡೆ ಕೊಟ್ಟರು.