ಸಿಗ್ನಲ್ ಇಲ್ಲದ ಕಣಿವೆ

ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ನ್ಯೂಜೆರ್ಸಿಯ ಹಿಲ್ಸ್‌ಬರೋದ ಮನೆಯಿಂದ ಹೊರಟು ಹಳೆಯ ಕಾಲುವೆಯ ದಂಡೆಗೆ ಹೋಗುತ್ತೇನೆ. ಆಗ ಇಂಗ್ಲೆಂಡಿನಲ್ಲಿ ಮಧ್ಯಾಹ್ನ. ಡರ್ಬಿಶೈರಿನ ಒಂದು ಹಳ್ಳಿಯಾಚೆ ಅಕ್ಕ ಕಾರು ನಿಲ್ಲಿಸಿ ಬೂಟಿನ ಲೇಸು ಬಿಗಿಯುತ್ತಿರುತ್ತಾಳೆ. ಇಬ್ಬರೂ ಕಿವಿಗೆ ಫೋನು ಸಿಕ್ಕಿಸಿಕೊಂಡು ನಡೆಯಲು ಶುರು ಮಾಡುತ್ತೇವೆ. ಅವಳು ಹುಲ್ಲುಗಾವಲು ದಾಟುವವರೆಗೆ ಮಾತು. ಆಮೇಲೆ ನೆಲ ಇಳಿಯುತ್ತದೆ, ಎರಡೂ ಕಡೆ ಸುಣ್ಣದ ಕಲ್ಲಿನ ಬಂಡೆಗಳು ಎದ್ದು ಹತ್ತಿರ ಬರುತ್ತವೆ, ಫೋನು ಸಾಯುತ್ತದೆ. ಮುಂದಿನದು ಲ್ಯಾಥ್‌ಕಿಲ್ ನದಿಯ ಕಮರಿ. ಅಲ್ಲಿ ಸಿಗ್ನಲ್ ಇಲ್ಲ. ಅವಳು ಕೆಳಗಿನ ಊರಿನ ಬಳಿ ಮೇಲೆ ಹತ್ತಿ ಮತ್ತೆ ಕರೆಯುವ ತನಕ ನಾನು ಇಲ್ಲಿ ಸುಮ್ಮನೆ ನಡೆಯುತ್ತೇನೆ. ಬೇರೆ ಯಾರಿಗೂ ಫೋನು ಮಾಡುವುದಿಲ್ಲ. ಮನಸ್ಸಿನಲ್ಲಿ ಅವಳ ಹಿಂದೆ ಇಳಿಯುತ್ತಿರುತ್ತೇನೆ.

ಹಾಗೆಂದು ಬರೆದೆ. ಆದರೆ ನಾನು ಯಾವ ಕಮರಿಗೆ ಇಳಿಯುತ್ತೇನೋ ನನಗೇ ಖಚಿತವಿಲ್ಲ.

ಓದು ಮುಗಿಸಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಎರಡು ವರ್ಷ ಕೆಲಸ ಮಾಡಿದಾಗ ನಾನಿದ್ದದ್ದು ಅಕ್ಕನ ಮನೆಯಲ್ಲಿ. ಅವಳು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರು. ರಜೆಯ ದಿನ ಭಾವನನ್ನು ಎಬ್ಬಿಸಲು ಸಾಧ್ಯವಿಲ್ಲವೆಂದು ಗೊತ್ತಾಗಿ ನನ್ನನ್ನು ಎಬ್ಬಿಸುತ್ತಿದ್ದಳು. ಜೋಳದ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಸುತ್ತಿ ಚೀಲಕ್ಕೆ ಹಾಕಿಕೊಂಡರೆ ಆಯಿತು. ಆ ದೇಶದಲ್ಲಿ ಕಾಲುದಾರಿ ಯಾರದೋ ಹೊಲದ ನಡುವೆ ಹಾದು ಹೋಗುತ್ತದೆ, ಯಾರೂ ಕೇಳುವುದಿಲ್ಲ. ಕಲ್ಲಿನ ಗೋಡೆಗಳಲ್ಲಿ ಮನುಷ್ಯ ಅಡ್ಡಡ್ಡ ತೂರಬಹುದಾದ, ಕುರಿ ತೂರಲಾಗದ ಸಂದುಗಳಿರುತ್ತವೆ. ಈ ಅಭ್ಯಾಸ ಹೊತ್ತುಕೊಂಡು ನ್ಯೂಜೆರ್ಸಿಗೆ ಬಂದ ಮೊದಲ ವರ್ಷ ನಾನು ಹೀಗೇ ಒಂದು ಹೊಲಕ್ಕೆ ಕಾಲಿಟ್ಟೆ. ಮನೆಯೊಳಗಿಂದ ಒಬ್ಬ ಬಂದು ಯಾರು ಬೇಕು ಎಂದು ವಿಚಾರಿಸಿದ. ಯಾರೂ ಬೇಡ, ನಡೆಯುತ್ತಿದ್ದೇನೆ ಎಂದೆ. ನಾನು ಮತ್ತೆ ರಸ್ತೆ ಸೇರುವವರೆಗೆ ಅವನು ನೋಡುತ್ತಲೇ ನಿಂತಿದ್ದ.

ಕಮರಿಯ ಮೇಲ್ಭಾಗದಲ್ಲಿ ದಾರಿಯ ಬಂಡೆಗಳು ಜನರ ಕಾಲಿಗೆ ಸವೆದು ಕನ್ನಡಿಯಾಗಿವೆ. ಮಳೆ ಬಂದರೆ ಬೆಣ್ಣೆ. ಮೊದಲ ಸಲ ನಾನು ಅಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ. ಅಕ್ಕ ಆಚೆ ಬದಿಯಿಂದ ಹೇಳಿದಳು, "ಅವ್ವ ನೆಲ ಒರಸಿದಾಗ ಹ್ಯಾಂಗ ದಾಟತಿದ್ದಿ? ಹಂಗ ದಾಟು." ಕಲಬುರಗಿಯ ನಮ್ಮ ಮನೆಯ ನೆಲ ಶಹಾಬಾದ್ ಕಲ್ಲಿನದು, ಅದೂ ಸುಣ್ಣದ ಕಲ್ಲೇ. ಒದ್ದೆಯಿದ್ದಾಗ ಹಿಮ್ಮಡಿ ಊರಬಾರದು, ಇಡೀ ಪಾದ ಒಮ್ಮೆಗೇ ಇಡಬೇಕು. ಹಾಗೆ ಇಟ್ಟೆ, ದಾಟಿದೆ. ಇದು ನಡೆದದ್ದು ನಿಜ. ಪಾದ ಇನ್ನೂ ನೆನಪಿಟ್ಟಿದೆ.

ಮುಂದಿನದನ್ನು ನಂಬಲಾರೆ. ಒಂದು ಗುಹೆಯ ಬಾಯಿಂದ ನದಿ ಹೊರಬಿದ್ದು ಹಳದಿ ಹೂಗಳ ನಡುವೆ ಹರಿಯುವುದು ನನಗೆ ಕಾಣುತ್ತದೆ. ಅದೇ ಗುಹೆಯ ಮುಂದೆ ಒಣಗಿದ ಪಾತ್ರದಲ್ಲಿ ಕೂತು ರೊಟ್ಟಿ ತಿಂದದ್ದೂ ಕಾಣುತ್ತದೆ. ಅಲ್ಲಿ ಬೇಸಿಗೆಯಲ್ಲಿ ನದಿ ನೆಲದೊಳಗೆ ಹೋಗುತ್ತದೆ, ಚಳಿಗಾಲದಲ್ಲಿ ಮೇಲೆ ಬರುತ್ತದೆ, ಆದ್ದರಿಂದ ಎರಡೂ ಇರಬಹುದು. ಆದರೆ ನನ್ನ ತಲೆಯಲ್ಲಿ ಅವೆರಡೂ ಒಂದೇ ದಿನ. ಅಕ್ಕನನ್ನು ಕೇಳಿದರೆ ನಕ್ಕಳು. ನೀರಿದ್ದ ದಿನ ನಾನು ಜೊತೆಗಿರಲೇ ಇಲ್ಲವಂತೆ. ಆಗ ನಾನು ಅಮೆರಿಕ ಸೇರಿ ವರ್ಷವಾಗಿತ್ತಂತೆ, ಅವಳು ಫೋನಿನಲ್ಲಿ ವರ್ಣಿಸಿದ್ದನ್ನು ನಾನು ನೋಡಿದ್ದಾಗಿ ಮಾಡಿಕೊಂಡಿದ್ದೇನಂತೆ. ಆಮೇಲೆ ಹಳೆಯ ಫೋಟೋ ಹುಡುಕಬಹುದಿತ್ತು. ಹುಡುಕಲಿಲ್ಲ. ನೀರು ಬೇಕಾಗಿತ್ತು ನನಗೆ.

ಕಳೆದ ವರ್ಷ ಅಕ್ಕನ ಸೊಂಟದ ಕೀಲು ಸವೆದಿರುವುದು ತಿಳಿಯಿತು. ಕೀಲು ಬದಲಿಸಬೇಕು. ಆಮೇಲೆ ನಡೆಯಬಹುದು, ಆದರೆ ಆ ಜಾರುಬಂಡೆಗಳ ಸಹವಾಸ ಬೇಡ ಎಂದು ಅವಳ ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ನನ್ನ ಗ್ರೀನ್ ಕಾರ್ಡ್ ಅರ್ಜಿ ಹೋಗಿತ್ತು. ಅದು ಇತ್ಯರ್ಥವಾಗುವ ತನಕ ದೇಶ ಬಿಟ್ಟು ಹೋಗಿ ಬರಲು ಒಂದು ಅನುಮತಿ ಪತ್ರ ಬೇಕು. ಅದಿಲ್ಲದೆ ಹೊರಟರೆ ಅರ್ಜಿಯನ್ನೇ ಕೈಬಿಟ್ಟಂತೆ, ಗಡಿ ದಾಟಬೇಡಿ ಎಂದು ವಕೀಲರು ಎಚ್ಚರಿಸಿದ್ದರು. ಪತ್ರ ಇವತ್ತು ಬರಬಹುದು, ಆರು ತಿಂಗಳಾಗಬಹುದು.

ಆಪರೇಷನ್ನಿಗೆ ದಿನ ಗೊತ್ತಾದಾಗ ಅಕ್ಕನೇ ಅದನ್ನು ಮುಂದೂಡಿದಳು. "ನಿನ್ನ ಪೇಪರ್ ಬರಲಿ. ಇಬ್ರೂ ಒಮ್ಮೆ ಇಳದು ಬರೋಣ, ಆಮ್ಯಾಲ ಕೊಯ್ಯಲಿ ಅವ್ರು," ಎಂದಳು. ನಾನು ಬೇಡವೆನ್ನಲಿಲ್ಲ. ಅವಳ ಹಿಂದೆ ಆ ಒದ್ದೆ ಬಂಡೆಗಳ ಮೇಲೆ ಇನ್ನೊಮ್ಮೆ ಪಾದ ಇಡುವುದನ್ನು ಬಿಟ್ಟು ಬೇರೇನೂ ನನಗೆ ಬೇಕಿರಲಿಲ್ಲ. ಇಲ್ಲಿನ ಕಾಲುವೆ ದಾರಿ ಗೀಟೆಳೆದಂತೆ ನೇರ, ಕೆಂಪು ಮಣ್ಣು, ಏರಿಲ್ಲ, ಇಳಿವಿಲ್ಲ. ನಡೆದಷ್ಟೂ ಆ ಇಳಿಜಾರು ಬೇಕೆನಿಸುತ್ತಿತ್ತು.

ವಾರ ವಾರ ಫೋನು ಸತ್ತಿರುವ ಹೊತ್ತು ಬೆಳೆಯುತ್ತ ಹೋಯಿತು. ಫೋಟೋ ತೆಗೆಯುತ್ತ ನಿಂತೆ ಎನ್ನುತ್ತಿದ್ದಳು. ಫೋಟೋ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಭಾವ ತಾವಾಗಿಯೇ ಕರೆದು ಹವೆ, ಕ್ರಿಕೆಟ್ಟು ಎಲ್ಲ ಮಾತಾಡಿ, ಇಡುವ ಮುಂಚೆ, ಅವಳು ಈಗ ಮೆಟ್ಟಿಲನ್ನು ಕೂತುಕೊಂಡೇ ಇಳಿಯುತ್ತಾಳೆ, ನಾನು ಹೇಳಿದೆನೆಂದು ಹೇಳಬೇಡ ಎಂದರು.

ಅದರ ಮುಂದಿನ ಭಾನುವಾರ ಅಕ್ಕ ಎಂದಿನಂತೆ ಇಳಿದಳು, ಲೈನು ಹೋಯಿತು. ನಾನು ಇಲ್ಲಿ ಕಾಲುವೆಯ ಮೊದಲ ಸೇತುವೆಯವರೆಗೂ ಹೋಗಿರಲಿಲ್ಲ, ಫೋನು ಬಂತು.

"ಇಷ್ಟ ಲಗೂ ದಾಟಿದೇನ?" ಎಂದೆ.

"ದಾಟಿಲ್ಲ. ತಿರುಗಿ ಬಂದೀನಿ. ಹುಲ್ಲಿನಾಗ ಕುಂತೀನಿ."

ಬಂಡೆಗಳ ಹತ್ತಿರ ಯಾರೋ ಗಂಡ ಹೆಂಡತಿ ಕೈ ಕೊಡಲು ಬಂದರಂತೆ. ಥ್ಯಾಂಕ್ಯೂ ಹೇಳಿ, ಅವರು ಮರೆಯಾಗುವ ತನಕ ಬೂಟಿನ ಲೇಸು ಕಟ್ಟುವಂತೆ ನಟಿಸಿದಳಂತೆ. ಅದನ್ನು ಹೇಳಿ ತಾನೇ ನಕ್ಕಳು. ನನಗೆ ನಗು ಬರಲಿಲ್ಲ.

"ಅಕ್ಕಾ, ಆಪರೇಷನ್ ಮಾಡಿಸ್ಕೊ. ನಾಳೆ ಫೋನ್ ಮಾಡಿ ದಿನ ಕೇಳು."

"ನಿನ್ನ ಪೇಪರ್?"

"ಅದು ಬಂದಾಗ ಬರ್ತದ. ನಾ ಬಂದಾಗ ನಿನ್ನ ಮನಿ ಮುಂದಿನ ಪಾರ್ಕಿನಾಗ ಅಡ್ಡಾಡೋಣ."

"ಪಾರ್ಕಿನಾಗ ಮುದುಕರು ಅಡ್ಡಾಡ್ತಾರ."

"ಮತ್ತ ನೀ ಯಾರು?"

ಆ ಕಡೆಯಿಂದ ಗಾಳಿಯ ಸದ್ದು ಬರುತ್ತಿತ್ತು, ಹತ್ತಿರದಲ್ಲೆಲ್ಲೋ ಕುರಿ. ನಾನು ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬೇಕೆಂದು ಬಾಯಿ ತೆರೆದೆ. ಇನ್ನೊಂದು ತಿಂಗಳು ನೋಡೋಣ ಎನ್ನುವಷ್ಟು ಆಸೆ ಆಗಲೂ ಇತ್ತು. ಅಷ್ಟರಲ್ಲಿ ಅವಳು, "ಆತು, ನಾಳೆ ಕೇಳ್ತೀನಿ," ಎಂದಳು.

ಹಿಂದಿರುಗುವ ದಾರಿ ಹುಲ್ಲುಗಾವಲಿನದೇ. ಫೋನು ಎಲ್ಲೂ ಕಡಿಯಲಿಲ್ಲ. ಅವಳ ಉಸಿರು, ಗೇಟಿನ ಕಬ್ಬಿಣ, ಒಂದು ಕಾಲು ಗಟ್ಟಿಯಾಗಿ ಇನ್ನೊಂದು ಹಗುರಾಗಿ ಬೀಳುವುದು, ಎಲ್ಲ ಕೇಳಿಸಿತು. ನಾನು ನನ್ನ ನಡಿಗೆಯನ್ನು ಅದಕ್ಕೆ ಹೊಂದಿಸಲು ನೋಡಿದೆ, ಆಗಲಿಲ್ಲ.

"ಸ್ವಲ್ಪ ನಿಂದ್ರೊ," ಎಂದಳು. "ಮುಂದ ಹೋಗಬ್ಯಾಡ."

ನಿಂತೆ. ಹಿಂದಿನಿಂದ ಸೈಕಲ್ಲೊಂದು ಗಂಟೆ ಬಾರಿಸಿತು. ಹುಲ್ಲಿಗೆ ಸರಿದು, ಅಲ್ಲೇ ನಿಂತುಕೊಂಡೆ.