ಮಲ್ಲಪ್ಪನಿಗೆ ಕೊಟ್ಟ ಮಾತ್ರೆ

ಆಧಾರ್ ಕಾರ್ಡ್ ಇಲ್ಲವೆಂದು ಮಲ್ಲಪ್ಪನನ್ನು ವಾಪಸ್ ಕಳಿಸಬಹುದು. ಕಳಿಸದಿದ್ದರೆ ಸೂಜಿ ಕಂಡು ಅವನೇ ಓಡಬಹುದು. ಓಡದಿದ್ದರೆ ತಲೆ ಸುತ್ತಿ ಬೀಳಬಹುದು, ಕರೆತಂದವರು ಯಾರೆಂದು ಪೊಲೀಸರು ಕೇಳಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಆಮೇಲೆ ಜ್ವರ ಏರಿದರೆ ಅವನು ಮಲಗುವುದೆಲ್ಲಿ? ಕೊರೊನಾ ಲಸಿಕೆಯ ಸಾಲಿನಲ್ಲಿ ನಿಂತೇ ನಾನು ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ.

ಮಲ್ಲಪ್ಪ ಕಲಬುರಗಿ ಕಡೆಯವನು. ನಾವಿರುವ ಕಲ್ಯಾಣ ಊರಿನ ಸ್ಟೇಷನ್ನಿನ ಸ್ಕೈವಾಕ್ ಸೇತುವೆಯ ಕೆಳಗೆ ಅವನ ವಾಸ. ಲಸಿಕೆಗೆ ಅವನನ್ನು ಕರೆತಂದವನು ನಾನೇ. "ಸಾಹೇಬ್ರ, ಮದ್ಲ ನೀವು ಚುಚ್ಚಿಸ್ಕೋರಿ. ನಿಮಗೇನೂ ಆಗ್ಲಿಲ್ಲಂದ್ರ ಆಮ್ಯಾಲ ನಾನು" ಎಂದು ಹಟ ಹಿಡಿದ. ಎರಡು ತಿಂಗಳಿಂದ ನೆಪ ಹೇಳಿಕೊಂಡು ತಪ್ಪಿಸಿಕೊಂಡಿದ್ದ ನಾನೂ ತೋಳು ಒಡ್ಡಬೇಕಾಯಿತು.

ನರ್ಸ್ ಇಬ್ಬರಿಗೂ ಒಂದೇ ಮಾತು ಹೇಳಿದರು: "ಬುಖಾರ್ ಆಯೇ ತೋ ಘರ್ ಮೇ ಆರಾಮ್ ಕರೋ."

ಜ್ವರ ಬಂದರೆ ಮನೆಯಲ್ಲಿ ಮಲಗಬೇಕೆಂಬ ಮಾತು ಕೇಳಿ ಮಲ್ಲಪ್ಪ ನನ್ನತ್ತ ನೋಡಿ ನಕ್ಕ. ನನಗೆ ನಗು ಬರಲಿಲ್ಲ. ಜೇಬಿನಲ್ಲಿದ್ದ ಜ್ವರದ ಮಾತ್ರೆಯ ಸ್ಟ್ರಿಪ್ಪನ್ನು ಅವನ ಕೈಗಿತ್ತು, ದಾರಿಯಲ್ಲಿ ನಮ್ಮ ಹೌಸಿಂಗ್ ಸೊಸೈಟಿಯ ಗೇಟು ತೋರಿಸಿ, ಮೈ ಬಿಸಿಯಾದರೆ ವಾಚ್‌ಮನ್‌ಗೆ ತಿಳಿಸು ಎಂದು ಮೂರು ಸಲ ಹೇಳಿದೆ.

ಮರುದಿನ ಬೆಳಗ್ಗೆ ಅವನು ಗೇಟಿಗೆ ಬಂದೇ ಬಂದ. ಎರಡು ಹೊದಿಕೆಯೊಳಗೆ ನಡುಗುತ್ತಿದ್ದ ನನ್ನ ಬದಲು ಹೆಂಡತಿ ಕೆಳಗೆ ಹೋದಳು. ಮನೆಯಲ್ಲಿ ಒಂದೂ ಮಾತ್ರೆ ಉಳಿದಿರಲಿಲ್ಲ. ನನಗೆ ಜ್ವರವೆಂದು ಕೇಳಿ ಮಲ್ಲಪ್ಪ ಸ್ಟ್ರಿಪ್ಪನ್ನು ಹಾಗೆಯೇ ವಾಪಸ್ ಕೊಟ್ಟನಂತೆ.

"ತಗೋರಿ ಅಕ್ಕಾರ. ಮನಿ ಇದ್ದವ್ರಿಗೇ ಜ್ವರ ಬರ್ತಾವ್ ನೋಡ್ರಿ."

ನಾನು ಹೆದರಿದ್ದರಲ್ಲಿ ನಡೆದದ್ದು ಅದೊಂದೇ. ಜ್ವರ ಬಂತು, ವಿಳಾಸ ತಪ್ಪಿ, ಮಲಗಲು ಮಂಚವಿದ್ದವನಿಗೆ.