ಕಡಕ್ ರೊಟ್ಟಿಯ ಅಂಗಿ ತೊಟ್ಟ ಕೋಳಿ

ಹಾಲು ಕಾಸಿದ್ದು, ಮೆಂತ್ಯದ ಸೊಪ್ಪು ಸೋಸಿದ್ದು, ಅತ್ತೆಯವರ ಕನ್ನಡಕ ಹುಡುಕಿದ್ದು (ಅಕ್ಕಿ ಡಬ್ಬಿಯೊಳಗಿತ್ತು), ಕೊಂಢವಾ ಬಡಾವಣೆಯ ಅಂಗಡಿಯಿಂದ ಎಲುಬಿಲ್ಲದ ಕೋಳಿ ತಂದದ್ದು, ಬಟ್ಟೆ ಅರ್ಧ ಒಗೆದದ್ದು. ಇವತ್ತಿನ ಕೆಲಸ ಇಷ್ಟು. ಬಟ್ಟೆ ಯಾಕೆ ಅರ್ಧ ಎಂಬುದನ್ನು ಹೇಳಬೇಕು.

ನಾಳೆ ಅಮಾವಾಸ್ಯೆ, ನಾಡಿದ್ದಿನಿಂದ ಶ್ರಾವಣ. ಶ್ರಾವಣ ಮುಗಿಯುವತನಕ ಮಾಂಸವಿಲ್ಲ ಎಂದು ಊರಿಗೆ ಊರೇ ಇವತ್ತು ಕೋಳಿ ಅಂಗಡಿ ಮುಂದೆ ನಿಂತಿತ್ತು. ನಮ್ಮ ಮನೆಯವರಿಗೆ ಮಾತ್ರ ಈ ಸಲ ಕರಿದ ಕೋಳಿ ಬಂದ್. ರಕ್ತ ಪರೀಕ್ಷೆ ನೋಡಿದ ಡಾಕ್ಟರು ಎದೆಯ ಕಡೆ ಬೆರಳು ತೋರಿಸಿ ಹೆದರಿಸಿದ್ದರು. ಇವರೋ ಸಂಜೆಯಾದರೆ ಮೂಲೆಯ ಕರಿದ ಕೋಳಿ ಗಾಡಿಯ ಮುಂದೆ ಹಾಜರ್. ಬಹಳ ಜಗಳವಾದ ಮೇಲೆ ಒಂದು ಮಾತಿಗೆ ಬಂದರು.

"ನಿನ್ನ ಓವನ್ ಕೋಳಿ ಕುರುಂ ಅಂತು ಅಂದ್ರ ಗಾಡಿ ಕಡೆ ಹೋಗಂಗಿಲ್ಲ. ಅನ್ನಲಿಲ್ಲಾ, ನೀ ಮತ್ತ ಆ ವಿಷಯ ತಗೀಬಾರದು."

ಓವನ್ ಬಂದಾಗಿನಿಂದ ಅದರಲ್ಲಿ ಬೆಂದದ್ದು ಅತ್ತೆಯವರ ನಾನಕಟಾಯಿ ಬಿಸ್ಕೀಟು ಒಂದೇ. ಉಳಿದ ದಿನ ಅದು ಹೆಚ್ಚಿನ ತಾಟು ಇಡುವ ಕಪಾಟು. ಅದು ಇರುವುದು ಅಡುಗೆಮನೆಯಲ್ಲಿ. ದೇವರ ಜಗಲಿಯೂ ಅಲ್ಲೇ. ಹಾಗಾಗಿ ನಮ್ಮಲ್ಲಿ ಮಾಂಸ ಅಡುಗೆಮನೆಯೊಳಗೆ ಬೇಯುವುದಿಲ್ಲ. ಅದಕ್ಕೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಸೌಟು, ಎಲ್ಲ ಹಿಂದಿನ ಡ್ರೈ ಬಾಲ್ಕನಿಯಲ್ಲಿ, ಬಟ್ಟೆ ಮಷೀನಿನ ಪಕ್ಕ. ಅತ್ತೆಯವರೂ ಕೋಳಿ ತಿನ್ನುವವರೇ, ಆದರೆ ಅಲ್ಲೇ ಕುಳಿತು.

ನಾನು ಓವನ್ ಎತ್ತಿದ್ದು ನೋಡಿ ಅವರು ಬಾಗಿಲಿಗೆ ಅಡ್ಡ ನಿಂತರು.

"ಒಮ್ಮೆ ಕೋಳಿ ಹೊಕ್ಕ ಪೆಟ್ಟಿಗಿ ತಿರುಗಿ ಒಳಗ ಬರಂಗಿಲ್ಲ ನೋಡು. ನನ್ನ ನಾನಕಟಾಯಿ?"

"ಮಗನ ಎದಿ ದೊಡ್ಡದೋ, ನಾನಕಟಾಯಿ ದೊಡ್ಡದೋ, ನೀವ ಹೇಳ್ರಿ ಅತ್ತಿ."

ಅತ್ತೆಯವರು ಬಹಳ ಹೊತ್ತು ಯೋಚನೆ ಮಾಡಿದರು. ನನ್ನ ಕೈ ನೋಯತೊಡಗಿದ ಮೇಲೆ, "ಒಯ್ಯಿ" ಅಂದರು.

ಬಾಲ್ಕನಿಯಲ್ಲಿ ಓವನ್‌ಗೆ ಜಾಗ ಸಿಕ್ಕಿದ್ದು ಮಷೀನಿನ ತಲೆಯ ಮೇಲೆ. ಪ್ಲಗ್ ಇರುವುದು ಒಂದೇ. ಮಷೀನು ಆಗತಾನೇ ನೀರು ತುಂಬಿಕೊಂಡು ತಿರುಗುತ್ತಿತ್ತು. ಅದರ ವಾಯರ್ ಕಿತ್ತು ಓವನ್‌ದು ಹಾಕಿದೆ.

ಮೊಸರು, ಬೆಳ್ಳುಳ್ಳಿ, ಉಪ್ಪಿನಲ್ಲಿ ನೆನೆದ ಕೋಳಿಯನ್ನು ಮೊಟ್ಟೆಯಲ್ಲಿ ಅದ್ದಿ, ಬೇಕರಿಯ ಟೋಸ್ಟ್ ಪುಡಿಯಲ್ಲಿ ಹೊರಳಿಸಿ ಇಟ್ಟೆ. ಮಳೆಗಾಲದ ತಂಪಿಗೆ ಟೋಸ್ಟ್ ಮೊದಲೇ ಮೆತ್ತಗಾಗಿತ್ತು. ಮೇಲಾಗಿ ಅದು ಸಿಹಿ ಟೋಸ್ಟ್. ಅದು ನನಗೆ ಹೊಳೆಯಲೇ ಇಲ್ಲ.

ಇವರು ಒಂದು ತುಂಡು ಕಚ್ಚಿದರು. ಮೂವರೂ ಕಿವಿಗೊಟ್ಟೆವು. ಸದ್ದೇ ಇಲ್ಲ.

"ಇದು ಕೋಳಿ ಹಾಕಿದ ಕೇಕ್," ಎಂದು ಇವರು ಎದ್ದರು. "ನನ್ನ ಪ್ಯಾಂಟ್ ಎಲ್ಲಿ?"

"ಮಷೀನ್‌ನಾಗ."

"ಎಲ್ಲಾವೂ?"

"ಮಳಿ ನಿಂತದ ಅಂತ ಎಲ್ಲಾ ಹಾಕೇನ್ರಿ."

"ತಗಿ ಹಂಗಾರ."

"ಒಳಗ ನೀರು ತುಂಬ್ಯಾದ, ಬಾಗಲಾ ತಗಿಯಂಗಿಲ್ಲ ಅದು."

ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತು ಇವರು ಗಾಜಿನ ಬಾಗಿಲೊಳಗೆ ನೆನೆಯುತ್ತಿದ್ದ ಪ್ಯಾಂಟುಗಳನ್ನು ನೋಡಿದರು.

"ಚಡ್ಡಿ ಮ್ಯಾಲ ಹೋಗೋ," ಅಂದರು ಅತ್ತೆ. "ಗಾಡಿಯಾಂವ ಕೋಳಿ ಕಾಲು ನೋಡಿಲ್ಲೇನು?"

ನನಗೆ ನಗು ತಡೆಯಲಿಲ್ಲ. ಇವರು ಮುಖ ಊದಿಸಿಕೊಂಡು ಮತ್ತೆ ಸ್ಟೂಲಿನ ಮೇಲೆ ಕುಳಿತರು.

ಅಷ್ಟರಲ್ಲಿ ಅತ್ತೆಯವರು ಮಂಚದ ಕೆಳಗಿನ ಡಬ್ಬಿ ಎಳೆದು ತಂದರು. ಊರಿನಿಂದ ಬಂದ, ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ. ಅದನ್ನು ಅವರು ನಮಗೂ ಎಣಿಸಿಯೇ ಕೊಡುವವರು.

"ತಿಂಗಳುಗಟ್ಟಲೆ ಇಟ್ರೂ ಮೆತ್ತಗಾಗಂಗಿಲ್ಲ ಇದು. ಇದನ್ನ ಬಿಟ್ಟು ಆ ಸಿಹಿ ಟೋಸ್ಟ್ ಹಚ್ತಿ, ಶ್ಯಾಣ್ಯಾಕಿ!"

ರೊಟ್ಟಿಯನ್ನು ಮುರಿದು ಲಟ್ಟಣಿಗೆಯಿಂದ ತರಿತರಿಯಾಗಿ ಪುಡಿ ಮಾಡಿದೆ. ಉಳಿದ ಕೋಳಿಗೆ ಅದನ್ನು ಒತ್ತಿ ಹಚ್ಚಿ, ಮೇಲೆ ಚಮಚೆಯಷ್ಟು ಎಣ್ಣೆ ಸವರಿ, ಓವನ್ ಚೆನ್ನಾಗಿ ಕಾದ ಮೇಲೆ ಒಳಗಿಟ್ಟೆ. ನಡುವೆ ಒಮ್ಮೆ ಮಗುಚಿದೆ. ಅದು ಬೇಯುವಷ್ಟರಲ್ಲಿ ಅದ್ದಿಕೊಳ್ಳಲು ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಗಟ್ಟಿ ಮೊಸರಿಗೆ ಮನೆಯ ಕೆಂಪು ಮೆಣಸಿನಕಾಯಿ ಚಟ್ನಿ, ಚೂರು ಬೆಲ್ಲ ಕಲಸಿದೆ. ಎಳ್ಳು ಹುರಿದ ವಾಸನೆ ಬಂದಾಗ ಇವರು ಸ್ಟೂಲು ಒಂದಿಷ್ಟು ಮುಂದೆ ಎಳೆದುಕೊಂಡರು.

ಕುರುಂ.

ಇವರು ಮೊದಲ ತುಂಡನ್ನು ಹಾಗೇ ಮುಗಿಸಿದರು. ಎರಡನೆಯ ತುಂಡನ್ನು ಮೊಸರಿನಲ್ಲಿ ಅದ್ದಿದರು, ಮೂರನೆಯದಕ್ಕೂ ಕೈ ಹಾಕಿದರು.

"ಗಾಡಿಯಾಂವಗ ಹೇಳಬೇಕು, ರೊಟ್ಟಿ ಹಚ್ಚಿ ಮಾಡಪಾ ಅಂತ."

"ಹೇಳಾಕ ಅಂತನೂ ಅಲ್ಲಿಗೆ ಹೋಗೂದು ಬ್ಯಾಡ್ರಿ," ಅಂದೆ.

"ಇಲ್ಲ ಬಿಡ, ಮಾತು ಅಂದ್ರ ಮಾತು." ಬಾಯಿ ತುಂಬ ಇದ್ದುದರಿಂದ ಸ್ಪಷ್ಟವಾಗಿ ಕೇಳಲಿಲ್ಲ. ಅತ್ತೆಯವರು ಇನ್ನೊಮ್ಮೆ ಹೇಳಿಸಿದರು.

ರೊಟ್ಟಿಯ ಕೋಳಿ ಒಂದೂ ಉಳಿಯಲಿಲ್ಲ. ಕೇಕ್ ಕೋಳಿಯನ್ನು ನಾನೇ ಮೆಂತ್ಯ ಪಲ್ಯದ ಜೊತೆ ತಿಂದೆ. ಓವನ್ ತಣ್ಣಗಾದ ಮೇಲೆ ಕೆಳಗಿಳಿಸಿ, ಮಷೀನಿನ ವಾಯರ್ ಮತ್ತೆ ಹಾಕಿದೆ. ಅದು ತಿರುಗುವ ಸದ್ದಿನಲ್ಲಿ ಮೊದಲು ನಿದ್ದೆ ಹೋದವರು ಅತ್ತೆ, ನಾನಕಟಾಯಿಯ ಮಾತು ಎತ್ತದೆ, ರೊಟ್ಟಿ ಡಬ್ಬಿಯನ್ನು ತಲೆಯ ಹತ್ತಿರ ಇಟ್ಟುಕೊಂಡು.